ಎಡಗೈ ಎತ್ತದವರು

ನೀತಾ ಹರಿಕಂತ್ರಳಿಗೆ ಲೋಕದಲ್ಲಿ ಹೆದರಿಕೆ ಅಂತ ಇದ್ದದ್ದು ಒಂದೇ ಒಂದಕ್ಕೆ, ಎಡಗೈಗೆ. ತನ್ನ ಎಡಗೈಗಲ್ಲ ಮಾರಾಯರೇ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರ ಎಡಗೈಗೆ.

ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದವರಿಗೆ ಇದು ಗೊತ್ತಿರುವ ಸಂಗತಿಯೇ. ಬಾಯಿಗೆ ಹತ್ತಿ, ನಳಿಗೆ, ಕನ್ನಡಿ ಎಲ್ಲ ತುರುಕಿದ ಮೇಲೆ ಮನುಷ್ಯ ಮಾತಾಡುವುದು ಎಲ್ಲಿಂದ? ಅದಕ್ಕೇ ಡಾಕ್ಟರು ಮೊದಲೇ ಹೇಳಿಬಿಡುತ್ತಾರೆ, ನೋವಾದರೆ ಎಡಗೈ ಎತ್ತಿ, ನಾನು ನಿಲ್ಲಿಸುತ್ತೇನೆ ಅಂತ. ಬಲಗಡೆ ಡಾಕ್ಟರೇ ಕೂತಿರುವುದರಿಂದ ಬಲಗೈ ಬೀಸಿದರೆ ಮಶೀನಿಗೆ ತಾಗಿ ಇನ್ನೊಂದು ಅನಾಹುತ. ನೀತಾ ಕಾಲೇಜಿನಲ್ಲಿ ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು. ಕಲಿಸಿದವರು ಒಂದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಆ ಕೈ ಮೇಲೆದ್ದಾಗ ಡಾಕ್ಟರ ಎದೆಯೊಳಗೆ ಏನಾಗುತ್ತದೆ, ಅದನ್ನು ಎಲ್ಲಿಟ್ಟುಕೊಳ್ಳಬೇಕು ಅಂತ.

ಅವಳು ಅಂಕೋಲೆಯ ಪಕ್ಕದ ಬೇಲೇಕೇರಿಯವಳು. ಅಪ್ಪ ದತ್ತಾ ದೋಣಿಯ ತಾಂಡೇಲ, ಅಂದರೆ ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು, ಯಾವಾಗ ಸುಮ್ಮನೆ ದಡಕ್ಕೆ ಮರಳಬೇಕು ಎಂದು ಹೇಳುವವನು. ಮಗಳು ದೊಡ್ಡ ಡಾಕ್ಟರಾಗಲಿ ಎಂದು ಅವನ ಆಸೆ. ಸಿಕ್ಕಿದ್ದು ಹಲ್ಲಿನ ಸೀಟು. "ಹಲ್ಲಾದ್ರೆ ಹಲ್ಲು. ಅದೂ ಮನುಷ್ಯನ ಮೈಯಲ್ಲೇ ಅದೆ ಅಲ್ದಾ?" ಎಂದು ದತ್ತಾ ಕೇರಿಗೆಲ್ಲ ಹೇಳಿಕೊಂಡು ತಿರುಗಿದ. ಆ ಕೇರಿಗೆ ಅವಳೇ ಮೊದಲ ಡಾಕ್ಟರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲ ಊರಲ್ಲೂ ನಡೆದೀತು, ಬೇಲೇಕೇರಿಯಲ್ಲಿ ನಡೆಯಲಿಲ್ಲ. ಅವಳು ಇನ್ನೂ ಪರೀಕ್ಷೆ ಬರೆಯುತ್ತಿದ್ದಾಗಲೇ ಕೇರಿಯ ಹೆಂಗಸರು ಎದುರಿಗೆ ಸಿಕ್ಕಿದಲ್ಲೆಲ್ಲ ಬಾಯಿ ತೆರೆದು, "ಇದೊಂದು ನೋಡೇ ತಂಗೀ" ಎನ್ನುತ್ತಿದ್ದರು.

ಓದು ಮುಗಿದ ಮೇಲೆ ಕಾರವಾರದ ಡಾಕ್ಟರ್ ಸುಹಾಸ ಹೆಗಡೆಯವರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ನಿಂತಳು. ಸುಹಾಸರದ್ದು ಪಳಗಿದ ಕೈ. ಹಾಡು ಗುನುಗುತ್ತ ಹಲ್ಲಿನ ಬೇರಿಗೆ ಇಳಿದು, ಹಾಡು ಮುಗಿಯುವಷ್ಟರಲ್ಲಿ ಮೇಲೆ ಬಂದುಬಿಡುವ ಮನುಷ್ಯ. ಅವರ ಪಕ್ಕ ನಿಂತು ನೀತಾ ಹಲ್ಲು ಕೀಳುವುದು, ಹುಳುಕು ತುಂಬುವುದು, ಕೊಳೆ ತೆಗೆಯುವುದು ಎಲ್ಲ ಚೆನ್ನಾಗಿಯೇ ಕಲಿತಳು. ಆಮೇಲೆ ಅವರು ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರದ ತಮ್ಮ ಇನ್ನೊಂದು ಕ್ಲಿನಿಕ್ಕನ್ನು ಅವಳಿಗೇ ಬಿಟ್ಟುಕೊಟ್ಟರು. ಮಾಳಿಗೆಯ ಮೇಲೆ ಒಂದು ಕುರ್ಚಿ, ಒಂದು ಬೆಂಚು, ಸಹಾಯಕ್ಕೆ ಮನಿಷಾ ಎಂಬ ಚುರುಕು ಹೆಂಗಸು. ಎಲ್ಲ ಸರಿ. ಆದರೆ ರೂಟ್ ಕೆನಾಲ್ ಅಂದರೆ ಸಾಕು, ನೀತಾಳ ಕೈಕಾಲು ತಣ್ಣಗಾಗುತ್ತಿತ್ತು.

ಯಾಕೆ ಅಂತ ಹೇಳುತ್ತೇನೆ. ಹಲ್ಲಿನ ಬೇರಿನೊಳಗೆ ಇರುವುದು ನರ. ಅದನ್ನು ತೆಗೆದು, ಬೇರನ್ನು ತೊಳೆದು, ತುಂಬಿ ಮುಚ್ಚಬೇಕು. ಮೊದಲು ಆ ಭಾಗವನ್ನು ಮರಗಟ್ಟಿಸಬೇಕು. ಮೇಲಿನ ಹಲ್ಲಾದರೆ ಸುಲಭ. ಕೆಳಗಿನ ದವಡೆ ಹಲ್ಲಿಗೆ ಹೋಗುವ ನರ ಇದೆಯಲ್ಲ, ಅದು ದವಡೆಯ ಮೂಲೆಯಲ್ಲಿ, ಮೂಳೆಯ ಮರೆಯಲ್ಲಿ ಅಡಗಿ ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೆರಳಿನಿಂದ ಮೂಳೆ ತಡವಿ, ಅಂದಾಜಿನ ಮೇಲೆ ಸೂಜಿ ಇಳಿಸಬೇಕು. ಸ್ವಲ್ಪ ಆಚೀಚೆ ಆದರೆ ಔಷಧಿ ಎಲ್ಲೋ, ನರ ಎಲ್ಲೋ. ಇನ್ನು ನೋವಿನಿಂದ ಕೆರಳಿದ ಹಲ್ಲಾದರಂತೂ ಇಂಜೆಕ್ಷನ್ನು ಸರಿಯಾಗಿ ಬಿದ್ದರೂ ಒಮ್ಮೊಮ್ಮೆ ಜಪ್ಪಯ್ಯ ಅಂದರೂ ಮರಗಟ್ಟುವುದಿಲ್ಲ. ಮರಗಟ್ಟಿತೋ ಇಲ್ಲವೋ ತಿಳಿಯುವುದು ಹೇಗೆ? ತುಟಿ ದಪ್ಪ ಆಯಿತೇ ಎಂದು ಕೇಳಬೇಕು. ಹಲ್ಲಿಗೆ ಮಂಜುಗಡ್ಡೆ ಮುಟ್ಟಿಸಿ, ಚಳುಕು ಬಂತೇ ಎಂದು ಕೇಳಬೇಕು. ಡಾಕ್ಟರು ಎಷ್ಟೇ ಓದಿರಲಿ, ಕೊನೆಗೆ ಕುರ್ಚಿಯಲ್ಲಿ ಮಲಗಿದವರ ಮಾತೇ ಗತಿ.

ಬರುವವರಾದರೂ ಎಂಥ ಸ್ಥಿತಿಯಲ್ಲಿ ಬರುತ್ತಾರೆ! ಲವಂಗ ಇಟ್ಟಾಯಿತು, ಮೆಡಿಕಲ್ ಶಾಪಿನ ಮಾತ್ರೆ ನುಂಗಿಯಾಯಿತು, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಒಸಡು ಸುಟ್ಟುಕೊಂಡದ್ದೂ ಆಯಿತು. ಎಲ್ಲ ಮುಗಿದು, ನಿದ್ದೆ ಕೆಟ್ಟು, ಕೆನ್ನೆ ಊದಿಸಿಕೊಂಡು ಮೆಟ್ಟಿಲು ಹತ್ತುವಾಗ ಅವರ ಜೀವ ಅರ್ಧ ಹೋಗಿರುತ್ತದೆ. ರಿಕ್ಷಾ ಓಡಿಸುವ ರೋಷನ ಬಂದವನು ತಲೆಯ ಮೇಲಿನ ದೀಪ ಹತ್ತಿದೊಡನೆ ಎಡಗೈ ಎತ್ತಿದ.

"ನಾನಿನ್ನೂ ಶುರುವೇ ಮಾಡ್ಲಿಲ್ಲ ರೋಷನಣ್ಣ," ಎಂದಳು ನೀತಾ.

"ಮಾಡ್ತೀರಿ ಅಂತ ಗೊತ್ತಾಯ್ತಲ್ರೀ," ಎಂದ ಅವನು, ಕೈ ಇಳಿಸದೆಯೇ.

ಮನಿಷಾ ನಕ್ಕಳು. ನೀತಾಳಿಗೆ ನಗು ಬರಲಿಲ್ಲ. ಅವನ ಹೆದರಿಕೆ ಕಣ್ಣಿಗೆ ಕಾಣುತ್ತಿತ್ತು, ಅವಳದ್ದು ಮುಖದ ಮಾಸ್ಕಿನ ಹಿಂದಿತ್ತು, ಅಷ್ಟೇ ವ್ಯತ್ಯಾಸ. ಕೈಗವಸಿನೊಳಗೆ ಬೆರಳು ಬೆವೆತು ಜಾರುತ್ತಿದ್ದವು. ಕೈ ಎದ್ದಿತೆಂದರೆ ಅವಳು ಮಶೀನು ನಿಲ್ಲಿಸಿಬಿಡುತ್ತಿದ್ದಳು. ಇನ್ನೊಂದು ಇಂಜೆಕ್ಷನ್ ಕೊಟ್ಟು ಕಾಯುವಳು, ಮತ್ತೆ ಮುಟ್ಟುವಳು, ಮತ್ತೆ ಕೈ ಏಳುವುದು. ಆಗ ಒಳಗೆ ಒಂದಿಷ್ಟು ಔಷಧಿಯ ಹತ್ತಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟು ಮುಚ್ಚಿ, "ಸುಹಾಸ ಸರ್ ಬಂದಾಗ ಬನ್ನಿ" ಎಂದು ಕಳಿಸುವಳು. ರೂಟ್ ಕೆನಾಲ್ ಇದ್ದ ದಿನ ಬೆಳಿಗ್ಗೆ ಅವಳಿಗೆ ತಿಂಡಿ ಇಳಿಯುತ್ತಿರಲಿಲ್ಲ. ನೋವು ಕಳೆಯಲೆಂದು ಬಂದವರಿಗೆ ತಾನೇ ನೋವು ಕೊಡುವುದಾದರೆ ಈ ಓದು ಯಾಕೆ ಬೇಕಿತ್ತು ಎಂದು ಬಸ್ಸಿನಲ್ಲಿ ಕೂತು ಕಣ್ಣೊರೆಸಿಕೊಂಡದ್ದೂ ಉಂಟು. ತನ್ನ ಕೈಯಾರೆ, ಯಾರಿಗೂ ನೋವಾಗದ ಹಾಗೆ, ಶುರುವಿನಿಂದ ಕೊನೆಯವರೆಗೆ ಒಂದೇ ಒಂದು ಹಲ್ಲು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಊರ ಬಾಯಿ ಮುಚ್ಚುವವರುಂಟೇ? "ದತ್ತಾನ ಮಗಳು ಚಲೋ ಹುಡುಗಿ, ಕೈಯೆತ್ತಿದ್ರೆ ಸಾಕು, ಮನಿಗೆ ಕಳಿಸ್ತದೆ" ಎಂಬ ಮಾತು ಅಂಕೋಲೆಯಿಂದ ಬೇಲೇಕೇರಿಗೂ, ಅಲ್ಲಿಂದ ಕಾರವಾರಕ್ಕೂ ಹೋಯಿತು. ಒಂದು ದಿನ ಸುಹಾಸರು ಬಂದು ಅರ್ಧಕ್ಕೆ ನಿಂತ ಹಲ್ಲುಗಳನ್ನೆಲ್ಲ ಮುಗಿಸಿ, ಕೈ ತೊಳೆಯುತ್ತ ಹೇಳಿದರು.

"ನೀತಾ, ಹೀಗೇ ಆದ್ರೆ ಇಲ್ಲಿ ನೀನು ಯಾಕೆ ಬೇಕು ಹೇಳು. ಮಳೆಗಾಲ ಮುಗಿಯೋದ್ರೊಳಗೆ ನೀನು ಒಬ್ಬಳೇ ರೂಟ್ ಕೆನಾಲ್ ಮಾಡೋ ಹಾಗಾಗ್ಬೇಕು. ಇಲ್ದಿದ್ರೆ ಮಂಗಳೂರಿಂದ ಒಬ್ಬಳನ್ನು ಕರಸ್ತೇನೆ. ನೀನು ಕಾರವಾರಕ್ಕೆ ಬಂದು ಕೊಳೆ ತೆಗಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎನ್ನುವವರು ಬೇಜಾರಿನ ಮಾತನ್ನೇ ಆಡುತ್ತಾರೆ, ಏನು ಮಾಡುವುದು.

ಅದಾದ ಮೇಲೆ ಬಂದವಳು ವೈಜಯಂತಿ. ಬೇಲೇಕೇರಿಯವಳೇ. ದತ್ತಾನ ದೋಣಿಯ ಮೀನು ಹೊತ್ತು ಅಂಕೋಲೆ ಪೇಟೆಯಲ್ಲಿ ಮಾರುವವಳು. ಅವಳ ಬಾಯಿ ಅಂದರೆ ಬಾಯಿ. ಬಂಗಡೆಗೆ ಬೆಲೆ ಇಳಿಸಿ ಕೇಳಿದ ಗಿರಾಕಿ ಮೂರು ತಲೆಮಾರಿನ ಲೆಕ್ಕ ಕೇಳಿಸಿಕೊಂಡೇ ಹೋಗಬೇಕು. ಅಂಥವಳು ಒಂದು ಕೆನ್ನೆ ತೆಂಗಿನಕಾಯಿಯ ಹಾಗೆ ಊದಿಸಿಕೊಂಡು ಬಂದು ಕುರ್ಚಿ ಏರಿದಳು. ಕೆಳಗಿನ ದವಡೆ ಹಲ್ಲು. ನೀತಾ ಕೈಗವಸು ಹಾಕಿಕೊಂಡಳು.

"ಚಿಕ್ಕೀ, ನೋವಾದ್ರೆ ಎಡಗೈ ಎತ್ತು ಹಾಂ."

"ಆಯ್ತು ತಂಗೀ. ನೀ ಮಾಡು."

ಇಂಜೆಕ್ಷನ್ ಕೊಟ್ಟು ಕಾದಳು. "ತುಟಿ ದಪ್ಪ ಆದ ಹಾಗೆ ಆಗ್ತಾ ಅದೆಯಾ?"

"ಹೂಂ ಮತ್ತೆ! ಬಾಳೆಹಣ್ಣಿನಷ್ಟು ದಪ್ಪ ಆಯ್ತು."

ಮಂಜುಗಡ್ಡೆ ಮುಟ್ಟಿಸಿದಳು. ವೈಜಯಂತಿ ತಲೆ ಅಲ್ಲಾಡಿಸಿದಳು, ಏನೂ ಇಲ್ಲ. ನೀತಾ ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿ ಮಶೀನು ಹಿಡಿದಳು. ಹಲ್ಲು ತೆರೆದುಕೊಂಡಿತು. ಎಡಗೈ ಏಳಲಿಲ್ಲ. ಸೂಜಿಯಂಥ ಫೈಲು ಬೇರಿಗೆ ಇಳಿಯಿತು. ಎಡಗೈ ಏಳಲಿಲ್ಲ. ನರ ಹೊರಗೆ ಬಂತು, ಕೆಂಪು ನೂಲಿನ ತುಂಡಿನ ಹಾಗೆ. ಎಡಗೈ ಸೊಂಟದ ಪಕ್ಕ ಬಿದ್ದಲ್ಲೇ ಬಿದ್ದಿತ್ತು. ನೀತಾಳ ಬೆರಳಿಗೆ ಎಂದೂ ಇಲ್ಲದ ಸ್ಥಿರತೆ ಬಂತು. ಇದೇನು ಇಷ್ಟು ಸುಲಭ ಎಂದು ಅವಳಿಗೇ ಆಶ್ಚರ್ಯ. ಒಂದು ಬೇರು, ಇನ್ನೊಂದು ಬೇರು, ಹಿಂದೆ ಅಡಗಿ ಕೂತ ಮೂರನೆಯದು, ಎಲ್ಲವೂ ಪುಸ್ತಕದಲ್ಲಿದ್ದ ಹಾಗೇ ಸಿಕ್ಕವು. ತೊಳೆದಳು, ಒಣಗಿಸಿದಳು, ತುಂಬಿದಳು. ಎಕ್ಸರೇ ತೆಗೆದರೆ ಬೇರಿನ ತುದಿಯವರೆಗೆ ಬಿಳಿ ಗೆರೆ ನೆಟ್ಟಗೆ ಕೂತಿತ್ತು.

"ಏನಾದ್ರೂ ಆಯ್ತಾ ಚಿಕ್ಕಿ?"

"ಎಂತದೂ ಇಲ್ಲ," ಎಂದಳು ವೈಜಯಂತಿ. ಕುರ್ಚಿಯ ತುದಿಯಲ್ಲಿ ಸ್ವಲ್ಪ ಹೊತ್ತು ಕೂತಳು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಗೋಡೆ ಹಿಡಿದುಕೊಂಡು ಇಳಿದು ಹೋದಳು.

ಆ ದಿನದ ನೀತಾಳನ್ನು ನೀವು ನೋಡಬೇಕಿತ್ತು. ಮನಿಷಾಳನ್ನು ತಬ್ಬಿಕೊಂಡಳು. ಎಕ್ಸರೇಯ ಫೋಟೋ ಸುಹಾಸರಿಗೆ ಕಳಿಸಿದಳು, ಅವರಿಂದ ಹೆಬ್ಬೆರಳಿನ ಚಿತ್ರ ಬಂತು. ಕೆಳಗಿನ ಹೋಟೆಲಿನಿಂದ ಬನ್ಸ್ ತರಿಸಿ, ಬೆಳಗ್ಗೆ ಬಿಟ್ಟ ತಿಂಡಿಯನ್ನೂ ಸೇರಿಸಿ ತಿಂದಳು. ಸಂಜೆ ಮನೆಗೆ ಹೋಗಿ, "ಅಪ್ಪಾ, ಇವತ್ತು ವೈಜಯಂತಿ ಚಿಕ್ಕಿದು ಪೂರಾ ಮಾಡ್ದೆ, ಅವಳಿಗೆ ಗೊತ್ತೇ ಆಗ್ಲಿಲ್ಲ" ಎಂದಾಗ ದತ್ತಾ ಬಲೆ ಹೊಲಿಯುವುದನ್ನು ನಿಲ್ಲಿಸಿ ಮಗಳ ಮುಖವನ್ನೇ ನೋಡಿದ. ಮಗಳೆದುರು ಅವನಿಗೆ ಮಾತು ಕಮ್ಮಿ. ಆದರೆ ಮರುದಿನ ಬೆಳಗಾಗುವಷ್ಟರಲ್ಲಿ ಕೇರಿಗೆಲ್ಲ ಸುದ್ದಿಯಾಗಿತ್ತು.

ಆ ವಾರವೇ ಮಧ್ಯಾಹ್ನ ಬಿಡುವಿದ್ದಾಗ ನೀತಾ ಮೀನುಪೇಟೆಗೆ ಹೋದಳು. ವೈಜಯಂತಿಯ ಊತ ಇಳಿಯಿತೋ ನೋಡುವ ನೆಪ, ಎರಡು ಹೊಗಳಿಕೆಯ ಮಾತು ಕೇಳುವ ಆಸೆ. ಆಸೆ ಪಡುವುದರಲ್ಲಿ ತಪ್ಪೇನು? ಮಳೆ ಹನಿಯುತ್ತಿತ್ತು, ನೀಲಿ ಟಾರ್ಪಾಲಿನ ಕೆಳಗೆ ಹೆಂಗಸರೆಲ್ಲ ಒತ್ತಾಗಿ ಕೂತಿದ್ದರು. ವೈಜಯಂತಿ ಆಚೆ ಮುಖ ಮಾಡಿ, ಪಕ್ಕದ ಕಾಶಿಗೆ ಏನೋ ಹೇಳುತ್ತಿದ್ದಳು. ಕಾಶಿಯೂ ಬೇಲೇಕೇರಿಯವಳೇ, ಅವಳೂ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ತುಟಿ ದಪ್ಪ ಆಯ್ತಾ ಅಂತ ಕೇಳ್ತದೆ ಹುಡುಗಿ. ಆಯ್ತು ಅನ್ನು. ಬರ್ಫ ಇಟ್ಟು ತಣ್ಣಗಾಗ್ತದಾ ಅಂತ ಕೇಳ್ತದೆ. ಇಲ್ಲ ಅನ್ನು. ಮತ್ತೆ ಆ ಎಡಗೈ ಒಂದು ಎತ್ತೂಕೆ ಹೋಗ್ಬೇಡ ಹಾಂ. ಎತ್ತಿದ್ಯಾ, ಕೆಟ್ಟೆ. ಅದರ ಕೈ ನಡುಗೂಕೆ ಶುರುವಾಗ್ತದೆ, ಆಮೇಲೆ ಕೆಲಸ ಆಗೂದಿಲ್ಲ. ಕೈ ಎರಡೂ ತೊಡೆ ಕೆಳಗೆ ಒತ್ತಿ ಇಟ್ಕೊ."

"ಅಯ್ಯಬ್ಬಾ! ನೋವು?"

"ನೋವಾಗ್ದೇ ಇರ್ತದೆ? ಜೀವ ಬಾಯಿಗೆ ಬಂದಿತ್ತು. ಎರಡು ಹೆತ್ತವಳು ನಾನು, ಅದೇ ಲೇಸು ಕಾಣ್ತು. ಹಲ್ಲು ಕಚ್ಚಿ ತಡ್ಕೊಳ್ಳುವಾ ಅಂದ್ರೆ ಬಾಯಿ ತೆಗ್ದು ಇಟ್ಟದೆ! ಆದ್ರೆ ಎಂತಾ ಮಾಡೂದೇ, ನಮ್ಮ ದತ್ತಣ್ಣನ ಮಗಳು. ನಾವೇ ಹೆದರ್ಸಿದ್ರೆ ಅದು ಕಲಿಯೂದು ಯಾವಾಗ? ಆ ಹೆಗಡೆ ಡಾಕ್ಟ್ರು ಅದನ್ನ ತೆಗ್ದು ಬೇರೆಯವಳನ್ನ ತರ್ತಾರಂತೆ. ತರೂಕೆ ನಾವು ಬಿಡ್ತೇವಾ?"

ನೀತಾ ನಿಂತಲ್ಲೇ ನಿಂತಳು. ಛತ್ರಿಯಿಂದ ನೀರು ಹೆಗಲ ಮೇಲೆ ಸುರಿಯುತ್ತಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ. ಒಂದು ಗಂಟೆಗೂ ಮೇಲೆ ತಾನು ಸಂಭ್ರಮದಿಂದ ಮಾಡಿದ್ದು ಏನು ಎಂಬುದು ಈಗ ಕಣ್ಣಿಗೆ ಕಟ್ಟಿತು. ಮರಗಟ್ಟದ ಹಲ್ಲನ್ನು ತೆರೆದು, ಜೀವಂತ ನರವನ್ನು ಫೈಲಿನಿಂದ ಕೆರೆದು ತೆಗೆದಿದ್ದಳು. ಆ ಹೆಂಗಸು ಕಮಕ್ ಕಿಮಕ್ ಅನ್ನದೆ ಮಲಗಿದ್ದಳು. ನೀತಾಳಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅಳು ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

ವೈಜಯಂತಿ ತಿರುಗಿ ನೋಡಿದಳು. ಸಿಕ್ಕಿಬಿದ್ದೆ ಎಂಬ ಮುಖವೇನೂ ಮಾಡಲಿಲ್ಲ. "ಬಾ ತಂಗೀ, ನಿನ್ನ ಹೆಸರೇ ಹೇಳ್ತಿದ್ದೆ. ನೂರು ವರ್ಷ ಆಯಸ್ಸು ನಿಂಗೆ."

"ಚಿಕ್ಕೀ, ಯಾಕೆ ಸುಳ್ಳು ಹೇಳ್ದೆ?"

"ಯಾವ ಸುಳ್ಳೇ?"

"ನೋವಾದ್ರೆ ಕೈಯೆತ್ತು ಅಂದಿದ್ನಲ್ಲ. ಎತ್ತಿದ್ರೆ ನಿಲ್ಲಿಸ್ತಿದ್ದೆ. ಇನ್ನೊಂದು ಇಂಜೆಕ್ಷನ್ ಕೊಡ್ತಿದ್ದೆ."

"ಕೊಟ್ಟು?" ಎಂದಳು ವೈಜಯಂತಿ. "ರೋಷನಂಗೆ ಕೊಟ್ಯಲ್ಲ, ಎಂತಾ ಆಯ್ತು? ಹೆಗಡೆ ಡಾಕ್ಟ್ರು ಬಂದಾಗ ಬಾ ಅಂದೆ. ಬೇರು ಕೀಳೂ ಕೆಲಸದಲ್ಲಿ ನೋವು ಇಲ್ದೇ ಇರೂದು ಉಂಟಾ? ಈಗ ಕಾಣು, ಊತ ಇಲ್ಲ, ನೋವಿಲ್ಲ, ರಾತ್ರಿ ಗೊರಕೆ ಹೊಡ್ದು ಮಲಗ್ತೆ. ನಿನ್ನ ಕೈ ಚಲೋ ಅದೆ, ಹೆದರ್ಕೆ ಮಾತ್ರ ಕೆಟ್ಟದ್ದು." ಹೀಗೆಂದು ಒಂದು ಚೀಲಕ್ಕೆ ನೊಗಲಿ ಮೀನು ತುಂಬಿ ಅವಳ ಕೈಗೆ ತುರುಕಿದಳು. ನೀತಾ ಚೀಲ ಹಿಡಿದುಕೊಂಡೇ ಮಳೆಯಲ್ಲಿ ಹೊರಟಳು.

ಕ್ಲಿನಿಕ್ಕಿಗೆ ಮರಳಿ ಸುಹಾಸರಿಗೆ ಫೋನು ಮಾಡಿದಳು. ಎಲ್ಲ ಹೇಳಿ ಅತ್ತಳು. ಅವರು ಪೂರ್ತಿ ಕೇಳಿದರು.

"ಅಳಬೇಡ. ಎಕ್ಸರೇ ನೋಡಿದ್ನಲ್ಲ, ಕೆಲಸ ಚೊಕ್ಕ ಆಗಿದೆ."

"ಎಕ್ಸರೇಯಲ್ಲಿ ನೋವು ಕಾಣ್ತದಾ ಸರ್?"

"ನನಗೆ ಶಿರವಾಡದ ಒಬ್ಬ ಅಜ್ಜ ಸಿಕ್ಕಿದ್ದ, ಅವನೂ ಕೈ ಎತ್ತಿರ್ಲಿಲ್ಲ," ಎಂದರು. "ನಿನಗೆ ಇವಳು. ಎಲ್ಲರಿಗೂ ಒಬ್ಬರು ಸಿಗ್ತಾರೆ. ಕಲಿಯೋದು ಹಾಗೇ, ಏನು ಮಾಡ್ಲಿಕ್ಕೂ ಆಗೋದಿಲ್ಲ. ಮಂಗಳೂರಿನವಳಿಗೆ ಬೇಡ ಅಂತ ಹೇಳಿದ್ದೇನೆ, ಅಂಕೋಲಾ ನಿನ್ನದೇ." ಫೋನು ಇಟ್ಟರು. ಬಯಸಿದ್ದು ಸಿಕ್ಕಿತ್ತು, ಬಾಯಿ ಮಾತ್ರ ಕಹಿಯಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಕೇರಿಯವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಮುಂಗಾರು ಜೋರಾಗಿ ದೋಣಿಗಳೆಲ್ಲ ದಡ ಸೇರಿದ್ದವು, ಜನಕ್ಕೆ ಬಿಡುವು. ಬಂದವರದ್ದೆಲ್ಲ ಒಂದೇ ರಾಗ. ತುಟಿ ದಪ್ಪ ಆಯ್ತು, ತಣ್ಣಗೆ ಆಗೂದಿಲ್ಲ, ನೀ ಮಾಡು ತಂಗೀ. ಯಾರಿಗೆ ನಿಜಕ್ಕೂ ಮರಗಟ್ಟಿದೆ, ಯಾರು ವೈಜಯಂತಿಯ ಪಾಠ ಒಪ್ಪಿಸುತ್ತಿದ್ದಾರೆ, ದೇವರೇ ಬಲ್ಲ. ನೀತಾ ಅವರ ಬೆರಳಿಗೆ ನಾಡಿ ಎಣಿಸುವ ಕ್ಲಿಪ್ಪು ಸಿಕ್ಕಿಸಿ ನೋಡಿದಳು. ಹೆದರಿಕೆಗೂ ನಾಡಿ ಓಡುತ್ತದೆ, ನೋವಿಗೂ ಓಡುತ್ತದೆ, ಕೊಟ್ಟ ಔಷಧಿಯಿಂದಲೂ ಓಡುತ್ತದೆ. ಅದರಿಂದ ತಿಳಿದದ್ದು ಸೊನ್ನೆ. ಹೆಚ್ಚಿನವರನ್ನು ಏನಾದರೊಂದು ನೆಪ ಹೇಳಿ ಮಾತ್ರೆ ಕೊಟ್ಟು ಮುಂದಕ್ಕೆ ಹಾಕಿದಳು. ಕೈ ಎದ್ದರೆ ಸಾಕಪ್ಪಾ ಎಂದು ಎಡಗೈಗಳನ್ನೇ ನೋಡುತ್ತ ಕೂರುವ ಕಾಲ ಅವಳಿಗೆ ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ದತ್ತಾನೇ ಬಂದ. ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಾಶಿ ಮತ್ತೆ ಕೇರಿಯ ಇನ್ನಿಬ್ಬರ ಜೊತೆ ಬೆಂಚಿನ ಮೇಲೆ ಕೂತಿದ್ದ. ಬಾಯಿ ತೆರೆಸಿ ನೋಡಿದರೆ ಬಲಗಡೆಯ ಕೆಳಗಿನ ದವಡೆ ಹಲ್ಲು ಒಳಗಿನವರೆಗೆ ಹುಳುಕಾಗಿತ್ತು. ತಿಂಗಳುಗಟ್ಟಲೆಯ ನೋವು ಇರಬೇಕು.

"ಅಪ್ಪಾ, ಇದು ಕೆರಳಿದ ಹಲ್ಲು. ಮರಗಟ್ಟೂದು ಕಷ್ಟ. ಕಾರವಾರಕ್ಕೆ ಹೋಗುವಾ, ಸರ್ ಮಾಡ್ತಾರೆ. ನಾನೂ ಬರ್ತೆ."

"ಕಾರವಾರಕ್ಕಾ?" ದತ್ತಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹೊರಗೆ ಕೂತವರಿಗೆ ಎಂತಾ ಹೇಳ್ಲಿ? ಮಗಳ ಕೈಗೆ ಅಪ್ಪನೇ ಬಾಯಿ ಕೊಡ್ಲಿಲ್ಲ ಅಂತ ಹೇಳೂದಾ? ನಾಳೆಯಿಂದ ನಿನ್ನ ಹತ್ರ ಒಂದು ನಾಯಿ ಬರೂದಿಲ್ಲ. ಮಾಡು ಮಗಾ."

ಹೋದರೆ ಮಗಳ ಹೆಸರು ಹೋಗುತ್ತದೆ ಎಂದು ಅವನಿಗೆ ಗೊತ್ತು, ಮಾಡಿದರೆ ಅಪ್ಪನ ಜೀವ ಹಿಂಡಬೇಕಾಗುತ್ತದೆ ಎಂದು ಅವಳಿಗೆ ಗೊತ್ತು. ದವಡೆಯ ಮೂಲೆ ತಡವಿ, ಉಸಿರು ಬಿಗಿಹಿಡಿದು ಇಂಜೆಕ್ಷನ್ ಕೊಟ್ಟಳು. ಕಾದಳು.

"ತುಟಿ?"

"ದಪ್ಪ ಆಯ್ತು."

"ಅಪ್ಪಾ, ನನ್ನ ಮೇಲೆ ಆಣೆ."

"ಆಯ್ತ್ ಅಂದ್ನಲ್ಲೇ."

ಆಗ ನೀತಾಳಿಗೆ ಒಂದು ಉಪಾಯ ಹೊಳೆಯಿತು. ಮಂಜುಗಡ್ಡೆಯ ತುಂಡನ್ನು ಚಿಮಟದಲ್ಲಿ ಹಿಡಿದು, ಬಲಗಡೆಯ ಹಲ್ಲಿಗಲ್ಲ, ಎಡಗಡೆಯ ಮೇಲಿನ ಹಲ್ಲಿಗೆ ಒತ್ತಿ ಹಿಡಿದಳು. ಅದು ಗಟ್ಟಿಮುಟ್ಟಾದ ಹಲ್ಲು, ಆದರೆ ಬುಡ ಸವೆದು ಗಾಳಿ ತಾಗಿದರೂ ಜುಂ ಅನ್ನುವಂಥದ್ದು. ಆ ಕಡೆಗೆ ಯಾವ ಇಂಜೆಕ್ಷನ್ನೂ ಕೊಟ್ಟಿರಲಿಲ್ಲ. ಯಾರೇ ಆದರೂ ಅಯ್ಯೋ ಎಂದು ಹಾರಿಬೀಳಬೇಕು.

"ತಣ್ಣಗೆ ಆಗ್ತದಾ ಅಪ್ಪಾ?"

ದತ್ತಾನ ಕಣ್ಣಂಚಿನಲ್ಲಿ ನೀರು ಬಂತು. ರೆಪ್ಪೆ ಅಲುಗಲಿಲ್ಲ. "ಇಲ್ಲ ಮಗಾ," ಎಂದ. "ಎಂತಾ ಇಟ್ಟಿ ಅಂತ್ಲೇ ಗೊತ್ತಾಗೂದಿಲ್ಲ."

ಸತ್ಯದ ತಲೆಯ ಮೇಲೆ ಹೊಡೆದಂಥ ಸುಳ್ಳು. ಸಮುದ್ರದ ಮೇಲೆ ಹತ್ತಾರು ಜೀವ ಇವನ ಒಂದು ಮಾತನ್ನು ನಂಬಿ ದೋಣಿ ಏರುತ್ತವೆ, ಆ ಬಾಯಿಂದ ಬಂದ ಸುಳ್ಳು. ನೀತಾ ಚಿಮಟ ಕೆಳಗಿಟ್ಟಳು. ಮನಿಷಾ ಅವಳನ್ನೇ ನೋಡಿದಳು. ನೀತಾ ಇನ್ನೊಂದು ಇಂಜೆಕ್ಷನ್ ಕೊಟ್ಟಳು. ಅಪ್ಪ ಬಿಪಿ ಮಾತ್ರೆ ನುಂಗುವ ಮನುಷ್ಯ, ಅದಕ್ಕಿಂತ ಹೆಚ್ಚು ಚುಚ್ಚುವ ಧೈರ್ಯ ಅವಳಿಗಿರಲಿಲ್ಲ. ಅವನು ಬಾಯಿ ಮುಚ್ಚಿ, ಕಣ್ಣು ಮುಚ್ಚಿ ಮಲಗಿದ. ಮತ್ತೆ ಕೇಳಲು ಹೋಗಲಿಲ್ಲ ಅವಳು. ಕೇಳಿ ಏನು ಉಪಯೋಗ? ರಬ್ಬರಿನ ಹಾಳೆ ಕಟ್ಟಿ, ಮಶೀನಿನ ಪೆಡಲು ಒತ್ತಿದಳು.

ದತ್ತಾ ಅಲುಗಲಿಲ್ಲ. ಹಲ್ಲು ತೆರೆಯಿತು, ಅಲುಗಲಿಲ್ಲ. ಫೈಲು ಇಳಿಯುವಾಗ ಒಮ್ಮೆ ಉಸಿರು ನಿಂತಂತಾಯಿತು, ನೀತಾ ಕೈ ತಡೆದಳು. ಅವನು ಕಣ್ಣು ತೆರೆದು, ದೋಣಿಯಲ್ಲಿ ಬಲೆ ಎಳೆಯುವವರನ್ನು ಗದರಿಸುವಾಗಿನಂತೆ ಹುಬ್ಬು ಗಂಟಿಕ್ಕಿ ನೋಡಿದ. ಅವಳು ಮುಂದುವರಿಸಿದಳು. ಆಮೇಲೆ ಉಸಿರು ಒಂದೇ ಸಮನೆ ನಡೆಯಿತು. ಎರಡನೆಯ ಇಂಜೆಕ್ಷನ್ ಹಿಡಿದಿರಬೇಕು ಎಂದು ಅವಳ ಮನಸ್ಸು ಮೆಲ್ಲಗೆ ಹೇಳತೊಡಗಿತು. ಹಿಡಿದಿದೆ, ಇಲ್ಲದಿದ್ದರೆ ಇಷ್ಟು ಶಾಂತವಾಗಿ ಮಲಗುವುದು ಮನುಷ್ಯಮಾತ್ರನಿಂದ ಸಾಧ್ಯವೇ? ಕೊನೆಯ ಬೇರು ತುಂಬುವ ಹೊತ್ತಿಗೆ ಅವಳು ಅದನ್ನು ಪೂರ್ತಿ ನಂಬಿದ್ದಳು. ಎಕ್ಸರೇಯೂ ಚೆಂದ ಬಂತು.

"ಮುಗೀತು ಅಪ್ಪಾ. ಬಾಯಿ ಮುಕ್ಕಳಿಸು."

ಕೆಳಗಿನ ದವಡೆ ನಿಜವಾಗಿ ಮರಗಟ್ಟಿದವರು ಬಾಯಿ ಮುಕ್ಕಳಿಸುವುದನ್ನು ನೋಡಿದ್ದೀರಾ? ಅರ್ಧ ತುಟಿ ಅವರ ಮಾತು ಕೇಳುವುದಿಲ್ಲ. ನೀರು ಗದ್ದದ ಮೇಲಿಂದ ಇಳಿದು ಅಂಗಿ ತೋಯಿಸುತ್ತದೆ. ಒಂದೆರಡು ಗಂಟೆ ಮಾತೂ ತೊದಲುತ್ತದೆ. ದತ್ತಾ ಕುರ್ಚಿಯಿಂದ ಇಳಿದು ಬೇಸಿನ್ನಿನ ಹತ್ತಿರ ಹೋದ. ಗ್ಲಾಸು ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡ, ಎರಡೂ ಕೆನ್ನೆ ಉಬ್ಬಿಸಿ ಗಳಗಳ ಮುಕ್ಕಳಿಸಿದ, ಬೇಸಿನ್ನಿನ ನಟ್ಟನಡುವೆ ಉಗುಳಿದ. ಬಿಳಿ ಅಂಗಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ನೀತಾ ಅದನ್ನು ನೋಡಿದಳು. ನೋಡಿ, ಸ್ಟೂಲಿನ ಮೇಲೆ ಹಾಗೆಯೇ ಕೂತಳು.

ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಕೂದಲು ಸರಿಮಾಡಿಕೊಂಡ, ಬಾಗಿಲು ತೆರೆದು ಹೊರಗಿನವರಿಗೆ ಕೇಳುವ ಹಾಗೆ ದೊಡ್ಡ ದನಿಯಲ್ಲಿ ಹೇಳಿದ. ಒಂದಕ್ಷರ ತೊದಲಲಿಲ್ಲ.

"ಕಾಶೀ, ಹೋಗೇ ಒಳಗೆ. ಹೆದರ್ಬೇಡ. ನಮ್ಮ ನೀತಾನ ಕೈ ಹೂವಿನ ಕೈ. ಎಂತದೂ ಗೊತ್ತಾಗೂದಿಲ್ಲ."

ಕಾಶಿ ಚಪ್ಪಲಿ ಬಿಟ್ಟು, ಕುರ್ಚಿಗೆ ನಮಸ್ಕಾರ ಮಾಡಿ ಏರಿ ಮಲಗಿದಳು. ಯಾರೂ ಹೇಳುವ ಮೊದಲೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಬಾಯಿ ತೆರೆದಳು.

"ಕಾಶಕ್ಕಾ, ನಿನ್ನ ಕಾಲಿಗೆ ಬೀಳ್ತೆ, ಕೈ ಹೊರಗೆ ತೆಗಿ," ಎಂದಳು ನೀತಾ.

ಕಾಶಿ ತೆರೆದ ಬಾಯಿ ಮುಚ್ಚದೆಯೇ, ಇಲ್ಲವೆಂದು ತಲೆಯಾಡಿಸಿದಳು.